ಗಂಟು ಸಿಕ್ಕ ದಿನವೇ ಹೇಳುವಂತಾಗಲಿ: ನಿಮ್ಮ ಸಂಘದಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಮಾತಾಡುವುದು ಹೇಗೆ

ನಮ್ಮ ಚಿಕ್ಕಮ್ಮನಿಗೆ ಗಂಟು ಸಿಕ್ಕಿದ್ದು ಕಾರ್ತೀಕ ಮಾಸದಲ್ಲಿ. ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಗೆ ಎಡಗಡೆ ತಾಕಿತಂತೆ. ಹುಣಸೆಬೀಜದಷ್ಟು. ನೋವಿರಲಿಲ್ಲ. ಮಗಳ ಮದುವೆ ಮಾಘಕ್ಕೆ ಗೊತ್ತಾಗಿತ್ತು. ಈಗ ಹೇಳಿದರೆ ಮದುವೆಗೆ ಅಡ್ಡಿ ಆಗುತ್ತೆ ಅಂತ ಸುಮ್ಮನಾದರು. ಮದುವೆ ಮುಗಿಯಿತು. ಯುಗಾದಿಗೆ ಅಳಿಯ ಮಗಳು ಬಂದು ಹೋದರು. ಆಷಾಢಕ್ಕೆ ಮಗಳು ತವರಿಗೆ ಬಂದು, ಅಮ್ಮನ ರವಿಕೆ ಒಗೆಯುವಾಗ ಎಡಗಡೆ ಕಲೆ ನೋಡಿದಳು. ಆಗಲೇ ನಮಗೆಲ್ಲ ಗೊತ್ತಾಗಿದ್ದು. ಎಂಟು ತಿಂಗಳು ಕಳೆದಿತ್ತು. ಆಮೇಲೆ ಎರಡು ವರ್ಷ ಅವರು ನಮ್ಮ ಜೊತೆ ಇದ್ದರು, ಅಷ್ಟೇ.

ಚಿಕ್ಕಮ್ಮನಿಗೆ ಕ್ಯಾನ್ಸರ್ ಅಂದರೇನು ಅಂತ ಗೊತ್ತಿಲ್ಲದೆ ಇರಲಿಲ್ಲ. ಟಿವಿಯಲ್ಲಿ ನೋಡಿದ್ದರು, ಆಸ್ಪತ್ರೆ ಗೋಡೆಯ ಪೋಸ್ಟರ್ ಓದಿದ್ದರು. ಅವರಿಗೆ ಇಲ್ಲದೇ ಇದ್ದದ್ದು, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬ ಮನುಷ್ಯರು.

ಹೈಸ್ಕೂಲ್ ಟೀಚರ್ ಕೆಲಸದಿಂದ ರಿಟೈರ್ ಆದಮೇಲೆ ಆರು ವರ್ಷದಿಂದ ನಮ್ಮ ತಾಲೂಕಿನ ಸ್ತ್ರೀಶಕ್ತಿ ಸಂಘಗಳಲ್ಲಿ ಈ ವಿಷಯ ಮಾತಾಡುತ್ತಾ ಬಂದಿದ್ದೇನೆ. ನಾನು ಡಾಕ್ಟರ್ ಅಲ್ಲ. ಈ ಕೆಲಸಕ್ಕೆ ಡಾಕ್ಟರೇ ಆಗಬೇಕು ಅಂತಿಲ್ಲ. ನಿಮ್ಮ ಸಂಘದಲ್ಲೋ, ನಿಮ್ಮ ಬೀದಿಯಲ್ಲೋ, ಕೆಲಸದ ಕಡೆ ಊಟದ ಬಿಡುವಿನಲ್ಲೋ ನೀವೂ ಮಾಡಬಹುದು. ಹೇಗೆ ಅಂತ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಯಾಕೆ ಮಾಡಬೇಕು ಅಂದರೆ, ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಬರುವ ಕ್ಯಾನ್ಸರ್ ಇದೇ. 2022ರ ಅಂದಾಜಿನ ಪ್ರಕಾರ ದೇಶದಲ್ಲಿ ಆ ಒಂದು ವರ್ಷ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಇಷ್ಟು ಸಾವಿಗೆ ದೊಡ್ಡ ಕಾರಣ ತಡ. ಗಂಟು ಚಿಕ್ಕದಿದ್ದು, ಬೇರೆ ಕಡೆ ಹರಡದೇ ಇದ್ದಾಗ ಬಂದವರಲ್ಲಿ ಹೆಚ್ಚಿನವರು ಗುಣವಾಗಿ ಮನೆಗೆಲಸ, ಹೊಲದ ಕೆಲಸ, ಆಫೀಸು ಎಲ್ಲ ಮಾಡಿಕೊಂಡು ಇರುತ್ತಾರೆ.

ಮೊದಲು ದಾರಿ ನೋಡಿಕೊಂಡು ಬನ್ನಿ

ಜನರನ್ನು ಸೇರಿಸುವ ಮೊದಲು ನೀವೊಬ್ಬರೇ ಮಾಡಬೇಕಾದ ಕೆಲಸ ಇದು. ನಾನು ಮೊದಲ ಎರಡು ಸಭೆಗಳಲ್ಲಿ ಇದನ್ನು ಬಿಟ್ಟಿದ್ದೆ. ಮಾತು ಚೆನ್ನಾಗಿ ಆಯಿತು, ಎಲ್ಲರೂ ಹೆದರಿದರು. ಒಬ್ಬರು ಎದ್ದು "ಮೇಡಂ, ನಾಳೆ ತೋರಿಸ್ಬೇಕು ಅಂದ್ರೆ ಎಲ್ಲಿಗೆ ಹೋಗ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆದರಿಸಿ ದಾರಿ ತೋರಿಸದೇ ಬಂದದ್ದು ಈಗಲೂ ನನಗೆ ಬೇಜಾರಿನ ವಿಷಯ.

ಆದ್ದರಿಂದ ಮೊದಲು ನಿಮ್ಮೂರಿನ ಸಬ್ ಸೆಂಟರಿಗೆ ಹೋಗಿ. ಈಗ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇರುತ್ತದೆ. ಪೇಟೆಯಲ್ಲಾದರೆ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಚಿಕಿತ್ಸಾಲಯ ಅಥವಾ ನಗರ ಆರೋಗ್ಯ ಕೇಂದ್ರ. 30 ವರ್ಷ ದಾಟಿದ ಹೆಂಗಸರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಬಾಯಿ, ಗರ್ಭಕೋಶದ ಕೊರಳು ಮತ್ತು ಸ್ತನದ ಕ್ಯಾನ್ಸರಿಗೆ ಪುಕ್ಕಟೆ ತಪಾಸಣೆ ಇದೆ. ಸ್ತನಕ್ಕೆ ಅಂದರೆ ತರಬೇತಿ ಪಡೆದವರು ಕೈಯಿಟ್ಟು ಪರೀಕ್ಷೆ ಮಾಡುತ್ತಾರೆ. ಅಲ್ಲಿರುವ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅಥವಾ ನರ್ಸಮ್ಮನ ಹತ್ತಿರ ಕೂತು ಕೇಳಿ: ಪರೀಕ್ಷೆ ಯಾರು ಮಾಡುತ್ತಾರೆ, ಹೆಂಗಸರೇನಾ? ಯಾವ ವಾರ, ಎಷ್ಟು ಗಂಟೆಗೆ? ಪರದೆ ಇರುವ ಕೋಣೆ ಇದೆಯಾ? ಏನಾದರೂ ಅನುಮಾನ ಬಂದರೆ ಮುಂದೆ ಎಲ್ಲಿಗೆ ಬರೆದುಕೊಡುತ್ತಾರೆ? ನಮ್ಮ ಜಿಲ್ಲೆಯಲ್ಲಿ ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಾಂ ಯಂತ್ರ ಎಲ್ಲಿದೆ?

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಭೆಯ ಕೊನೆಗೆ ಓದಿ ಹೇಳಬೇಕಾದ್ದು ಇದೇ ಹಾಳೆ. ಆಗುವುದಾದರೆ ಸಿಎಚ್‌ಒ ಅವರನ್ನೇ ಸಭೆಗೆ ಕರೆಯಿರಿ. ಒಮ್ಮೆ ಮುಖ ಪರಿಚಯ ಆದರೆ ನಮ್ಮ ಹೆಂಗಸರು ಆಸ್ಪತ್ರೆಗೆ ಹೋಗಲು ಅಷ್ಟು ಹಿಂಜರಿಯುವುದಿಲ್ಲ. ಆಶಾ ಅಕ್ಕನಿಗಂತೂ ಹೇಳಲೇಬೇಕು. ಯಾರ ಮನೆಯಲ್ಲಿ ಯಾರು ಹೊರಗೆ ಬರುವುದೇ ಇಲ್ಲ ಅನ್ನೋದು ಅವರಿಗೆ ಗೊತ್ತಿರುತ್ತದೆ.

ಹದಿನೈದು ಜನ, ಚಾಪೆಯ ಮೇಲೆ

ಶಾಮಿಯಾನ, ಮೈಕು, ಹಾರ ತುರಾಯಿ ಯಾವುದೂ ಬೇಡ. ವೇದಿಕೆ ಮೇಲೆ ಮಾತಾಡಿದರೆ ಕೇಳುವವರು ಕೇಳಿಕೊಂಡು ಎದ್ದು ಹೋಗುತ್ತಾರೆ. ಹನ್ನೆರಡರಿಂದ ಹದಿನೈದು ಜನ ಸಾಕು. ಸಂಘದ ಕಂತು ಕಟ್ಟುವ ದಿನವೇ ಇಟ್ಟುಕೊಳ್ಳಿ, ಆಗ ಹೇಗಿದ್ದರೂ ಬರುತ್ತಾರೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಒಳಗೆ, ಸ್ಕೂಲು ಬಿಟ್ಟು ಮಕ್ಕಳು ಬರುವ ಮೊದಲು. ಅಂಗನವಾಡಿ ಕೋಣೆಯೋ, ಯಾರದಾದರೂ ಮನೆಯ ನಡುಮನೆಯೋ ಆಗಬಹುದು. ಬಾಗಿಲು ಮುಂದೆ ಮಾಡಿಕೊಳ್ಳುವಂತಿರಬೇಕು. ಗಂಡಸರು ಒಳಗೆ ಬೇಡ. ಅವರ ಜೊತೆ ಮಾತಾಡುವುದು ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ಅತ್ತೆ ಸೊಸೆ ಇಬ್ಬರೂ ಇದ್ದರೆ ಅಕ್ಕಪಕ್ಕ ಕೂರಿಸಬೇಡಿ. ಅತ್ತೆಯ ಎದುರು ಸೊಸೆ ಬಾಯಿ ಬಿಡುವುದಿಲ್ಲ. ಸೊಸೆಯ ಎದುರು ಅತ್ತೆಗೂ ಮುಜುಗರವೇ.

ಯಾವ ಮಾತು ಬಳಸಬೇಕು

ನನ್ನ ಅನುಭವದಲ್ಲಿ ಇಡೀ ಸಭೆಯಲ್ಲಿ ಇದೇ ದೊಡ್ಡ ವಿಷಯ.

ಪೋಸ್ಟರಿನಲ್ಲಿ "ಸ್ತನ" ಅಂತ ಇರುತ್ತದೆ. ಮನೆಯಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ. ಎಲ್ಲರೂ "ಎದೆ" ಅನ್ನುತ್ತಾರೆ. ಎದೆಹಾಲು ಅನ್ನುವಾಗ ಅದು ಸರಿಯಾಗಿಯೇ ಇದೆ. ಆದರೆ ಆಸ್ಪತ್ರೆಯಲ್ಲಿ ಎದೆ ಅಂದರೆ ಹೃದಯ, ಇಲ್ಲದಿದ್ದರೆ ಶ್ವಾಸಕೋಶ. ನಮ್ಮ ಪಕ್ಕದ ಹಳ್ಳಿಯ ಒಬ್ಬರು ಒಂದು ಆಸ್ಪತ್ರೆಗೆ ಹೋಗಿ ತಲೆ ತಗ್ಗಿಸಿ "ಎದೇಲಿ ಒಂಥರಾ ಆಗ್ತಿದೆ" ಅಂದರಂತೆ. ಅಲ್ಲಿ ಇಸಿಜಿ ತೆಗೆದರು, ಎಲ್ಲ ಸರಿಯಿದೆ ಅಂದರು, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಈಕೆ ಸಮಾಧಾನವಾಗಿ ಮನೆಗೆ ಬಂದರು. ಮತ್ತೆ ಹೋಗಿದ್ದು ಐದು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಕಂಕುಳಲ್ಲೂ ಗಂಟು ಬಂದಿತ್ತು.

ಹಾಗಾಗಿ ನಾನು "ಮೊಲೆ" ಅಂತಲೇ ಹೇಳುತ್ತೇನೆ. ಮೊದಲ ಸಲ ಹೇಳಿದಾಗ ಚಿಕ್ಕ ವಯಸ್ಸಿನವರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ. ನಗಲಿ, ಬಿಡಿ. ಅಜ್ಜಿಯರನ್ನು ನೋಡಿ. "ಮಗು ಅಳ್ತಾ ಇದೆ, ಮೊಲೆ ಕೊಡೇ" ಅಂತ ಎಲ್ಲರ ಎದುರಿಗೇ ಹೇಳುತ್ತಾರೆ. "ಎರಡು ವರ್ಷಕ್ಕೆ ಮೊಲೆ ಬಿಡಿಸಿದೆ" ಅನ್ನುತ್ತಾರೆ. ಅವರಿಗೆ ಅದು ಕೈ, ಕಾಲು ಅಂದ ಹಾಗೆ. ನಾಲ್ಕಕ್ಷರ ಕಲಿತ ಮೇಲೆ ನಾವೇ ಅದನ್ನು ಕೆಟ್ಟ ಮಾತು ಮಾಡಿಕೊಂಡಿದ್ದೇವೆ. ನಿಮ್ಮ ಕಡೆ ಆ ಮಾತು ತೀರಾ ಒರಟು ಅನ್ನಿಸಿದರೆ "ಹಾಲು ಕುಡಿಸೋ ಜಾಗ" ಅನ್ನಿ. ಒಟ್ಟಿನಲ್ಲಿ ಬರೀ ಎದೆ ಅಂತ ಬಿಡಬೇಡಿ.

ಆಮೇಲೆ ಡಾಕ್ಟರ ಎದುರು ಹೇಳಬೇಕಾದ ಮಾತನ್ನು ಎಲ್ಲರಿಂದ ಜೋರಾಗಿ ಹೇಳಿಸುತ್ತೇನೆ, ಸ್ಕೂಲಿನಲ್ಲಿ ಮಗ್ಗಿ ಹೇಳಿಸಿದ ಹಾಗೆ:

"ಡಾಕ್ಟ್ರೇ, ನನ್ನ ಎಡಗಡೆ ಮೊಲೆಯಲ್ಲಿ ಗಂಟು ಸಿಕ್ಕಿದೆ. ಒಂದು ತಿಂಗಳಾಯ್ತು. ನೋವಿಲ್ಲ. ದಯವಿಟ್ಟು ಕೈಯಿಟ್ಟು ನೋಡಿ."

ಮೂರು ಸಲ ಹೇಳಿಸಿ. ಮೊದಲ ಸಲ ಪಿಸುಮಾತು. ಮೂರನೇ ಸಲಕ್ಕೆ ದನಿ ಬರುತ್ತದೆ.

ಚಪಾತಿ ಹಿಟ್ಟಿನ ಪಾಠ

ಗಂಟು ಕೈಗೆ ಹೇಗೆ ಸಿಗುತ್ತದೆ ಅಂತ ಬಾಯಲ್ಲಿ ಎಷ್ಟು ಹೇಳಿದರೂ ಅರ್ಥ ಆಗುವುದಿಲ್ಲ. ದುಡ್ಡು ಕೊಟ್ಟರೆ ಸಿಲಿಕಾನ್ ಮಾದರಿ ಸಿಗುತ್ತದೆ. ನಾನು ಅಡುಗೆಮನೆಯಲ್ಲೇ ಮಾಡಿಕೊಳ್ಳುತ್ತೇನೆ.

ಅರ್ಧ ಕೆಜಿ ಗೋಧಿಹಿಟ್ಟನ್ನು ಎಣ್ಣೆ ಜಾಸ್ತಿ ಹಾಕಿ, ಚಪಾತಿಗಿಂತ ಸ್ವಲ್ಪ ಮೆತ್ತಗೆ ಕಲಸಿ. ನೆನೆಸಿದ ಸಬ್ಬಕ್ಕಿ ಎರಡು ಹಿಡಿ ಸೇರಿಸಿ ನಾದಿ. ಸಹಜವಾದ ಮೊಲೆ ನುಣ್ಣಗೆ ಇರುವುದಿಲ್ಲ, ಒಳಗೆ ಕಾಳುಕಾಳಾಗಿ ಇರುತ್ತದೆ. ಸಬ್ಬಕ್ಕಿ ಹಾಕುವುದು ಅದಕ್ಕೇ. ಮೂರು ಉಂಡೆ ಮಾಡಿ. ಒಂದರಲ್ಲಿ ಏನೂ ಇಡಬೇಡಿ. ಇನ್ನೊಂದರಲ್ಲಿ ಒಂದು ಹುಣಸೆಬೀಜ ಆಳಕ್ಕೆ ಒತ್ತಿಡಿ. ಮೂರನೆಯದರಲ್ಲಿ ಎಣ್ಣೆ ಸವರಿದ ಕಡಲೆಕಾಳು, ಅದು ಬೆರಳಿಗೆ ಸಿಕ್ಕೂ ಜಾರುವಂತೆ. ಪ್ರತಿ ಉಂಡೆಯನ್ನೂ ಹಳೇ ರವಿಕೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಹಿಂದೆ ಗಂಟು ಹಾಕಿ. ಆವತ್ತೇ ಮಾಡಿದ್ದಾಗಿರಲಿ, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ.

ಈಗ ಕಣ್ಣು ಮುಚ್ಚಿ ಮುಟ್ಟಲು ಹೇಳಿ. ಬೆರಳ ತುದಿಯಿಂದ ಚುಚ್ಚುವುದಲ್ಲ, ಹಿಡಿದು ಹಿಂಡುವುದೂ ಅಲ್ಲ. ನಡುವಿನ ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಅದರ ಮೆತ್ತನೆ ಭಾಗದಿಂದ ನಾಲ್ಕಾಣೆಯಷ್ಟು ಅಗಲಕ್ಕೆ ಸುತ್ತು ಸುತ್ತಾಗಿ ತಿರುಗಿಸಬೇಕು. ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಚೆನ್ನಾಗಿ ಒತ್ತಿ. ಆಳದಲ್ಲಿರುವ ಬೀಜ ಮೂರನೇ ಒತ್ತಿಗೇ ಸಿಗುವುದು.

ಅಜ್ಜಿಯರು ಎಲ್ಲರಿಗಿಂತ ಬೇಗ ಹುಡುಕುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈಗಳು ಅವು. ಬೀಜ ಸಿಕ್ಕ ಕೂಡಲೇ ಅವರ ಮುಖ ನೋಡಬೇಕು. ಅಲ್ಲಿಂದ ಮುಂದೆ ಪಕ್ಕದಲ್ಲಿ ಕೂತವರಿಗೆ ಅವರೇ ಟೀಚರ್.

ಒಂದು ಮಾತನ್ನು ಇಲ್ಲೇ ಹೇಳಿಬಿಡಿ. ಜಾರುವ ಗಂಟೆಲ್ಲ ಒಳ್ಳೆಯದು, ಗಟ್ಟಿ ಗಂಟೆಲ್ಲ ಕ್ಯಾನ್ಸರ್ ಅಂತ ಅಲ್ಲ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ನೀರುಗುಳ್ಳೆ ಇರುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಬರುವ ಫೈಬ್ರೊಅಡೆನೊಮಾ ಅನ್ನುವ ಸಾಧು ಗಂಟು ಇರುತ್ತದೆ. ಆದರೆ ಯಾವುದು ಏನು ಅಂತ ಕೈಯಲ್ಲಿ ಮುಟ್ಟಿ ತೀರ್ಮಾನ ಮಾಡಲು ಆಗದು. ಪರೀಕ್ಷೆಯೇ ಹೇಳಬೇಕು.

ಏನು ನೋಡಬೇಕು, ಯಾವಾಗ ನೋಡಬೇಕು

ಬಚ್ಚಲಲ್ಲಿ ಸೋಪು ಹಚ್ಚಿದಾಗ ಕೈ ಚೆನ್ನಾಗಿ ಜಾರುತ್ತದೆ. ಬಲಗೈ ಎತ್ತಿ ಎಡಗೈಯಿಂದ, ಎಡಗೈ ಎತ್ತಿ ಬಲಗೈಯಿಂದ. ಕೊರಳೆಲುಬಿನಿಂದ ರವಿಕೆಯ ಕೆಳಪಟ್ಟಿಯವರೆಗೆ, ನಡು ಎದೆಯಿಂದ ಕಂಕುಳದ ಒಳಗಿನವರೆಗೆ. ಕಂಕುಳನ್ನು ಮರೆಯುವವರೇ ಜಾಸ್ತಿ. ಆಮೇಲೆ ಕನ್ನಡಿಯ ಮುಂದೆ, ಕೈ ಕೆಳಗಿಟ್ಟು ಒಮ್ಮೆ, ತಲೆ ಮೇಲೆ ಎತ್ತಿ ಒಮ್ಮೆ, ಸೊಂಟಕ್ಕೆ ಒತ್ತಿ ಒಮ್ಮೆ ನೋಡಬೇಕು.

ಹೇಳಿಕೊಡಬೇಕಾದ ಲಕ್ಷಣಗಳು ಇವು. ಮೊಲೆಯಲ್ಲಿ ಅಥವಾ ಕಂಕುಳಲ್ಲಿ ಹೊಸದಾಗಿ ಬಂದ ಗಂಟು. ಚರ್ಮ ಒಂದು ಕಡೆ ಒಳಗೆ ಎಳೆದುಕೊಂಡು ಗುಳಿ ಬಿದ್ದಂತಿರುವುದು. ಕಿತ್ತಳೆ ಸಿಪ್ಪೆಯ ಹಾಗೆ ಚರ್ಮ ದಪ್ಪವಾಗಿ ಚುಕ್ಕೆಚುಕ್ಕೆ ಕಾಣುವುದು. ಮೊದಲು ಸರಿಯಿದ್ದ ತೊಟ್ಟು ಈಗ ಒಳಗೆ ಹೋಗಿರುವುದು. ಹಾಲೂಡಿಸದೇ ಇರುವಾಗಲೂ ತೊಟ್ಟಿನಿಂದ ತಾನಾಗಿ ನೀರು, ಅದರಲ್ಲೂ ರಕ್ತ ಬರುವುದು. ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿ. ಒಂದು ಕಡೆಯದರ ಗಾತ್ರ, ಆಕಾರ ಇತ್ತೀಚೆಗೆ ಬದಲಾಗಿರುವುದು. ಎರಡೂ ಮೊಲೆ ಮೊದಲಿನಿಂದಲೇ ಒಂದೇ ಸಮ ಇರುವುದಿಲ್ಲ, ಅದಕ್ಕೆ ಯಾರೂ ಹೆದರಬೇಕಿಲ್ಲ. ಹೊಸದಾಗಿ ಏನು ಬದಲಾಯಿತು ಅನ್ನೋದಷ್ಟೇ ಮುಖ್ಯ.

ಮುಟ್ಟಾಗುವವರು ಮುಟ್ಟು ಶುರುವಾದ ಏಳರಿಂದ ಹತ್ತನೇ ದಿನದ ಒಳಗೆ ನೋಡಿಕೊಳ್ಳುವುದು ಒಳ್ಳೆಯದು. ಮುಟ್ಟಿನ ಮೊದಲು ಮೊಲೆ ಬಿಗಿದು ನೋಯುತ್ತದೆ, ಸುಮ್ನೆ ಗಾಬರಿ ಆಗುತ್ತದೆ. ಮುಟ್ಟು ನಿಂತವರಿಗೆ ಸಂಘದ ಕಂತಿನ ದಿನ ಅಂತ ಇಟ್ಟುಕೊಳ್ಳಿ ಅನ್ನುತ್ತೇನೆ. ಕಂತನ್ನು ಯಾರೂ ಮರೆಯುವುದಿಲ್ಲ.

ಇಲ್ಲಿ ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಂಡರೆ ಸಾಕು, ಜೀವ ಉಳಿಯುತ್ತದೆ ಅಂತ ಮಾತು ಕೊಡಬೇಡಿ. ಚೀನಾದ ಶಾಂಘೈ ನಗರದಲ್ಲಿ ಬಟ್ಟೆ ಗಿರಣಿಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಇಟ್ಟುಕೊಂಡು ದೊಡ್ಡ ಅಧ್ಯಯನ ಮಾಡಿದ್ದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹಾಗೆ ಕಲಿಸಿದ್ದರಿಂದ ಸಾವು ಕಡಿಮೆ ಆಗಲಿಲ್ಲ. ನಮ್ಮ ದೇಶದ್ದೇ ಇನ್ನೊಂದು ಅಧ್ಯಯನ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ್ದು. 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಕಾರ್ಯಕರ್ತೆಯರು ಕೈಯಿಟ್ಟು ಪರೀಕ್ಷೆ ಮಾಡಿದರು. ಮಾಡಿದವರು ಡಾಕ್ಟರುಗಳಲ್ಲ. ಇಪ್ಪತ್ತು ವರ್ಷ ನೋಡಿ 2021ರಲ್ಲಿ ಪ್ರಕಟಿಸಿದಾಗ, 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನ ಲೆಕ್ಕ ಬದಲಾಗಲಿಲ್ಲ. ಆದರೂ ಪರೀಕ್ಷೆ ಮಾಡಿಸಿಕೊಂಡವರಲ್ಲಿ ರೋಗ ಬೇಗನೇ ಪತ್ತೆಯಾಗಿತ್ತು.

ಅದಕ್ಕೇ ನಾನು ಹೇಳುವುದು ಇಷ್ಟು: ನಿಮ್ಮ ಮೈ ನಿಮಗೆ ಪರಿಚಯ ಇರಲಿ. ಮೂವತ್ತು ದಾಟಿದವರು ಸಬ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ, ಐವತ್ತು ದಾಟಿದವರು ತಪ್ಪಿಸಲೇಬೇಡಿ. ನಲವತ್ತು ಆದಮೇಲೆ ಮ್ಯಾಮೊಗ್ರಾಂ ಬೇಕಾ ಅಂತ ಡಾಕ್ಟರನ್ನು ಕೇಳಿ. ಅಮ್ಮನಿಗೋ, ಅಕ್ಕತಂಗಿಗೋ, ಮಗಳಿಗೋ ಈ ಕಾಯಿಲೆ ಬಂದಿದ್ದರೆ ಇನ್ನೂ ಬೇಗ ಕೇಳಿ.

ಗಂಟು ಸಿಕ್ಕಿದೆ. ಈಗ?

ಆವತ್ತೇ ಒಬ್ಬರಿಗೆ ಹೇಳಬೇಕು. ಎರಡು ವಾರದ ಒಳಗೆ ಡಾಕ್ಟರ ಕೈಯಲ್ಲಿ ತೋರಿಸಿರಬೇಕು. ನೋವು ಬರಲಿ ನೋಡೋಣ ಅಂತ ಕಾಯಬಾರದು. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ಹಬ್ಬ, ಕೊಯ್ಲು, ಮಗನ ಪರೀಕ್ಷೆ, ನಾದಿನಿಯ ಬಾಣಂತನ, ಮುಂದೆ ಹಾಕಲು ನಮ್ಮ ಹೆಂಗಸರಿಗೆ ಯಾವಾಗಲೂ ಏನಾದರೊಂದು ಇದ್ದೇ ಇರುತ್ತದೆ. ಚಿಕ್ಕಮ್ಮನ ಕತೆಯನ್ನು ನಾನು ಹೇಳುವುದು ಈ ಹೊತ್ತಿನಲ್ಲೇ.

ಆಸ್ಪತ್ರೆಯಲ್ಲಿ ಆಗುವುದು ಮೂರು ಕೆಲಸ. ಕೈಯಿಟ್ಟು ಪರೀಕ್ಷೆ, ಆಮೇಲೆ ಸ್ಕ್ಯಾನ್, ಆಮೇಲೆ ಬೇಕಾದರೆ ಸೂಜಿಯಲ್ಲಿ ಚೂರು ತೆಗೆಯುವುದು. ಮ್ಯಾಮೊಗ್ರಾಂ ಅಂದರೆ ಮೊಲೆಯ ಎಕ್ಸ್‌ರೇ. ಎರಡು ತಟ್ಟೆಗಳ ನಡುವೆ ಒತ್ತಿ ಹಿಡಿಯುತ್ತಾರೆ, ಕೆಲವು ಸೆಕೆಂಡು ಬಿಗಿಯಾಗಿ ನೋಯುತ್ತದೆ, ಅಷ್ಟೇ. ಆ ದಿನ ಸೀರೆ ರವಿಕೆ ಅಥವಾ ಮೇಲೊಂದು ಕೆಳಗೊಂದು ಬೇರೆಬೇರೆ ಬಟ್ಟೆ ಹಾಕಿಕೊಂಡರೆ ಸುಲಭ. ಕಂಕುಳಿಗೆ ಪೌಡರ್ ಹಾಕಬೇಡಿ, ಫಿಲ್ಮಿನಲ್ಲಿ ಚುಕ್ಕೆಯಾಗಿ ಕಾಣಬಹುದು. ಚಿಕ್ಕ ವಯಸ್ಸಿನವರಿಗೆ ಅಲ್ಟ್ರಾಸೌಂಡ್ ಮೊದಲು ಮಾಡುವುದುಂಟು.

ಸೂಜಿ ಪರೀಕ್ಷೆಗೆ ಬಯಾಪ್ಸಿ ಅನ್ನುತ್ತಾರೆ. "ಸೂಜಿ ಹಾಕಿದ್ರೆ ಹರಡುತ್ತೆ" ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಹಾಗೆ ಆಗುವುದಿಲ್ಲ. ಸೂಜಿ ಬೇಡ ಅಂತ ಮನೆಯಲ್ಲಿ ಕೂತರೆ ಹರಡುತ್ತದೆ. ಬಯಾಪ್ಸಿ ಆಗದೆ ಮುಂದಿನ ಚಿಕಿತ್ಸೆ ಗೊತ್ತು ಮಾಡಲಾಗದು. ಆ ಚೂರಿನಲ್ಲೇ ಇಆರ್, ಪಿಆರ್, ಹರ್2 ಅನ್ನುವ ಪರೀಕ್ಷೆಗಳನ್ನೂ ಮಾಡುತ್ತಾರೆ. ಯಾವ ಔಷಧಿ ಹಿಡಿಯುತ್ತದೆ ಅನ್ನೋದು ಅದರಿಂದ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ, ಇದನ್ನು ನಿಧಾನವಾಗಿ ಎರಡು ಸಲ ಹೇಳಿ. ಪರೀಕ್ಷೆ ಏನೂ ಮಾಡದೆ "ಚಿಕ್ಕ ಗಂಟು, ಇವತ್ತೇ ಕೊಯ್ದು ತೆಗೆದುಬಿಡೋಣ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮೊದಲು ಬಯಾಪ್ಸಿ, ಆಮೇಲೆ ಆಪರೇಶನ್. ಅರೆಬರೆ ತೆಗೆದರೆ ಮುಂದಿನ ಚಿಕಿತ್ಸೆ ಕಷ್ಟ ಆಗುತ್ತದೆ. ಲೇಪ ಹಾಕಿ ಗಂಟು ಒಡೆಸುವವರ ಹತ್ತಿರವೂ ಹೋಗಬೇಡಿ. ನಾಟಿ ಔಷಧಿ ಕೊಡುವವರು ಅದೇ ಊರಿನವರು, ಎಷ್ಟೋ ಸಲ ನೆಂಟರೇ. ಅವರನ್ನು ಬೈದರೆ ಸಭೆ ನಿಮ್ಮ ಕೈ ಬಿಟ್ಟುಹೋಗುತ್ತದೆ. "ರಿಪೋರ್ಟ್ ಬರಲಿ, ಅಲ್ಲೀವರೆಗೆ ಏನೂ ಹಚ್ಚಬೇಡಿ" ಅನ್ನಿ. ಕ್ಯಾನ್ಸರ್ ಅಂತ ರಿಪೋರ್ಟ್ ಬಂದಮೇಲೆ ಚಿಕಿತ್ಸೆ ಆಸ್ಪತ್ರೆಯಲ್ಲೇ ಅನ್ನೋದನ್ನೂ ಸೇರಿಸಿ ಹೇಳಿ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಈ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೊದಲೇ ಬರೆಸಿಕೊಳ್ಳಿ. ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರ ಕೌಂಟರ್ ಎಲ್ಲಿದೆ ಅಂತ ಕೇಳಿ ಅಲ್ಲಿಗೆ ಹೋಗಿ. ಆಧಾರ್, ರೇಷನ್ ಕಾರ್ಡ್ ಎರಡೂ ಜೊತೆಗಿರಲಿ, ನಾಲ್ಕು ಸೆಟ್ ಜೆರಾಕ್ಸ್ ಇರಲಿ. ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಇಡಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ಚೂರನ್ನು ಗಾಜಿನ ಮೇಲೆ ಮತ್ತು ಮೇಣದಲ್ಲಿ ಇಟ್ಟದ್ದು) ಕೂಡ ರೋಗಿಗೆ ಸೇರಿದ್ದು. ಬೇರೆ ಆಸ್ಪತ್ರೆಗೆ ಹೋಗುವಾಗ ಕೇಳಿ ತೆಗೆದುಕೊಂಡು ಹೋದರೆ ಮತ್ತೆ ಚೂರು ತೆಗೆಸುವುದು ತಪ್ಪಬಹುದು. ಏನಾದರೂ ಗೊಂದಲವಾದರೆ 104ಕ್ಕೆ ಫೋನ್ ಮಾಡಿ, ಅದು ಆರೋಗ್ಯ ಸಹಾಯವಾಣಿ.

ಎಲ್ಲಿಗೆ ಅನ್ನೋದಕ್ಕೆ, ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದ್ದು, ಈಗ ರಾಜ್ಯ ಸರ್ಕಾರದ ಸಂಸ್ಥೆ. ಕಲಬುರಗಿಯಲ್ಲಿ ಅದರದೇ ಕೇಂದ್ರ ಇದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ನಮ್ಮ ಕಡೆ "ಕಿದ್ವಾಯಿಗೆ ಬರೆದುಕೊಟ್ರು" ಅಂದರೆ ಸಾಕು, ಕತೆ ಮುಗಿಯಿತು ಅಂತ ಅಳು ಶುರು. ಆ ಹೆಸರಿನ ಭಯ ಬಿಡಿಸಲು ನಾನು ಡಾ. ವಿಜಯಲಕ್ಷ್ಮಿ ದೇಶಮಾನೆ ಅವರ ವಿಷಯ ಹೇಳುತ್ತೇನೆ. ಕಲಬುರಗಿಯ ಬಡ ಮನೆಯಲ್ಲಿ ಹುಟ್ಟಿ, ಓದಿ, ಅದೇ ಕಿದ್ವಾಯಿಯಲ್ಲಿ ವರ್ಷಗಟ್ಟಲೆ ಸ್ತನ ಕ್ಯಾನ್ಸರಿನ ಆಪರೇಶನ್ ಮಾಡಿದವರು. 2025ರಲ್ಲಿ ಪದ್ಮಶ್ರೀ ಬಂತು. "ನಮ್ಮಂಥವರ ಮನೆಯ ಹೆಣ್ಣುಮಗಳಾ?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ. ಕೋಣೆಯ ಗಾಳಿಯೇ ಬದಲಾಗುತ್ತದೆ.

ಕೇಳುವ ಪ್ರಶ್ನೆಗಳು

"ಮೊಲೆ ಪೂರ್ತಿ ತೆಗೀತಾರಾ?" ಇದನ್ನು ಬಾಯಲ್ಲಿ ಕೇಳುವವರು ಕಡಿಮೆ, ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ನೀವೇ ಎತ್ತಿ. ಬೇಗ ಬಂದರೆ ಎಷ್ಟೋ ಜನರಲ್ಲಿ ಗಂಟು ಮತ್ತು ಅದರ ಸುತ್ತಲಿನ ಭಾಗ ಮಾತ್ರ ತೆಗೆದು, ಆಮೇಲೆ ರೇಡಿಯೇಶನ್ ಕೊಡುತ್ತಾರೆ. ಪೂರ್ತಿ ತೆಗೆದವರಷ್ಟೇ ಕಾಲ ಇವರೂ ಬದುಕುತ್ತಾರೆ ಅನ್ನೋದು ಇಪ್ಪತ್ತು ವರ್ಷ ನೋಡಿದ ಅಧ್ಯಯನಗಳಲ್ಲಿ ಗೊತ್ತಾಗಿದೆ. ತಡವಾದಷ್ಟೂ ಪೂರ್ತಿ ತೆಗೆಯುವ ಸಂಭವ ಹೆಚ್ಚು.

"ಕೂದಲು ಉದುರುತ್ತಂತೆ?" ಕೀಮೊದಲ್ಲಿ ಸಾಮಾನ್ಯವಾಗಿ ಉದುರುತ್ತದೆ, ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ. ಎಲ್ಲರಿಗೂ ಕೀಮೊ ಬೇಕಾಗುವುದಿಲ್ಲ. ಕೆಲವರಿಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದಿನಕ್ಕೊಂದು ಮಾತ್ರೆ ಇರುತ್ತದೆ. ಚೆನ್ನಾಗಿದ್ದೀನಿ ಅಂತ ಆ ಮಾತ್ರೆಯನ್ನು ನಡುವೆ ಬಿಡಬಾರದು.

"ಅಂಟುತ್ತಾ?" ಇಲ್ಲ. ಒಂದೇ ತಟ್ಟೆ, ಒಂದೇ ಹಾಸಿಗೆ, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಯಾವುದರಿಂದಲೂ ಇಲ್ಲ. ಇದನ್ನು ಖಡಾಖಂಡಿತವಾಗಿ ಹೇಳಿ. ಚಿಕಿತ್ಸೆ ಮುಗಿಸಿ ಬಂದವರ ಲೋಟ ಬೇರೆ ಇಡುವ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಅಮ್ಮನಿಗಿದ್ದರೆ ಮಗಳಿಗೆ ಬಂದೇ ಬರುತ್ತಾ?" ಬಂದೇ ಬರುತ್ತದೆ ಅಂತಿಲ್ಲ. ನೂರರಲ್ಲಿ ಐದರಿಂದ ಹತ್ತು ಮಾತ್ರ ವಂಶದಿಂದ ಬರುವಂಥವು. ಹಾಗೇ, ವಂಶದಲ್ಲಿ ಯಾರಿಗೂ ಇಲ್ಲ, ನನಗೆ ಬರಲ್ಲ ಅನ್ನುವಂತೆಯೂ ಇಲ್ಲ. ಹೆಚ್ಚಿನವರ ಮನೆಯಲ್ಲಿ ಅವರೇ ಮೊದಲು.

"ಬಾಣಂತಿಗೆ ಗಂಟಾದ್ರೆ ಹಾಲು ಗಟ್ಟಿಕೊಂಡಿರೋದು ಅಲ್ವಾ?" ಬಹಳ ಸಲ ಅದೇ. ಔಷಧಿ ತೆಗೆದುಕೊಂಡು ಎರಡು ವಾರದಲ್ಲಿ ಕರಗದಿದ್ದರೆ ಮತ್ತೆ ತೋರಿಸಲೇಬೇಕು. ಹಾಲೂಡಿಸುವುದರಿಂದ ಕ್ಯಾನ್ಸರ್ ಬರುವುದಿಲ್ಲ. ಹಾಲೂಡಿಸಿದವರಲ್ಲಿ ಈ ಕಾಯಿಲೆಯ ಅಪಾಯ ಸ್ವಲ್ಪ ಕಡಿಮೆಯೇ.

ಬಿಗಿ ಬ್ರಾ, ಕಪ್ಪು ಬ್ರಾ, ಮೊಬೈಲನ್ನು ರವಿಕೆಯಲ್ಲಿ ಇಟ್ಟುಕೊಳ್ಳುವುದು, ಮಗು ಕಚ್ಚಿದ್ದು, ಪೆಟ್ಟು ಬಿದ್ದದ್ದು, ಯಾವುದೂ ಕಾರಣ ಅಲ್ಲ. ಹಿಂದೆ ಮಾಡಿದ ಪಾಪವೂ ಅಲ್ಲ. ಯಾರಾದರೂ ಹಾಗಂದರೆ ಅಲ್ಲೇ ತಡೆಯಿರಿ.

ಗಂಡಸರ ಜೊತೆ

ಕಾಸು, ಗಾಡಿ, ಬೆಂಗಳೂರಿಗೆ ಹೋಗುವ ತೀರ್ಮಾನ ಹೆಚ್ಚಿನ ಮನೆಗಳಲ್ಲಿ ಇನ್ನೂ ಗಂಡಸರ ಕೈಯಲ್ಲೇ ಇದೆ. ಹಾಲಿನ ಡೇರಿ ಹತ್ತಿರ ಸಂಜೆ ಹಾಲು ಹಾಕಲು ಬಂದಾಗ ಹತ್ತು ನಿಮಿಷ ಸಾಕು. ಗಂಡಸರಿಗೂ ಇದು ಬರಬಹುದು, ಈ ಕಾಯಿಲೆ ಬಂದ ನೂರು ಜನರಲ್ಲಿ ಸುಮಾರು ಒಬ್ಬರು ಗಂಡಸರು ಅಂದಾಗ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಒಂದೇ ಮಾತು ಹೇಳಿ: "ಹೆಂಡತಿ ಗಂಟು ಅಂದ ದಿನ 'ಏನೂ ಆಗಲ್ಲ ಬಿಡು' ಅನ್ಬೇಡಿ. 'ನಾಳೆ ಹೋಗೋಣ' ಅನ್ನಿ." ನಮ್ಮ ಚಿಕ್ಕಪ್ಪ ಈಗಲೂ ಹೇಳುತ್ತಾರೆ, "ನಂಗೊಂದು ಮಾತು ಹೇಳಿದ್ರೆ ಮದುವೆನೇ ಮುಂದಕ್ಕೆ ಹಾಕ್ತಿದ್ದೆ" ಅಂತ.

ಚಾಪೆ ಮಡಚುವ ಹೊತ್ತು

ಸಭೆ ಮುಗಿದ ಕೂಡಲೇ ಹೊರಡಬೇಡಿ. ಟೀ ಲೋಟ ತೊಳೆಯುತ್ತಾ, ಚಾಪೆ ಮಡಚುತ್ತಾ ಇರಿ. ಎಲ್ಲರೂ ಹೋದಮೇಲೆ ಒಬ್ಬರು ಉಳಿಯುತ್ತಾರೆ. ಪ್ರತಿ ಸಲ ಅಲ್ಲ, ಆದರೆ ಬಹಳ ಸಲ. ಚಾಪೆಯ ಇನ್ನೊಂದು ತುದಿ ಹಿಡಿದು, ನಿಮ್ಮ ಮುಖ ನೋಡದೆ, "ನಮ್ಮಕ್ಕಂಗೆ ಹೀಗಿದೆಯಂತೆ" ಅಂತ ಶುರು ಮಾಡುತ್ತಾರೆ. ಅಕ್ಕ ಯಾರು ಅಂತ ಕೇಳಬೇಡಿ.

ನೀವು ಮುಟ್ಟಿ ನೋಡಬೇಡಿ. ಅದು ಅದೇ, ಅಥವಾ ಅದಲ್ಲ ಅಂತ ಹೇಳಲೂಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ, ಅದರ ಪ್ರಕಾರ ನಡೆಯಿರಿ. ಹಾಳೆ ತೆಗೆದು ದಿನ ಗೊತ್ತು ಮಾಡಿ. ಜೊತೆಗೆ ನಾನೂ ಬರುತ್ತೇನೆ ಅನ್ನಿ, ಅಂದಮೇಲೆ ಹೋಗಿ. ಎರಡು ದಿನ ಬಿಟ್ಟು ಒಂದು ಫೋನ್ ಮಾಡಿ. ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದಾದರೆ ಹೆಸರು ಬೇಡ, ತಾರೀಕು ಸಾಕು.

ಹೋದ ತಿಂಗಳು ಹಾಗೆ ಉಳಿದವರು ನಲವತ್ತೈದರ ಒಬ್ಬ ಹೆಂಗಸು. ಹಿಟ್ಟಿನ ಉಂಡೆಯ ಬಟ್ಟೆ ಬಿಚ್ಚಿ, ಹುಣಸೆಬೀಜ ತೆಗೆದು, ಸೆರಗಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ಇದಕ್ಕಿಂತ ಚಿಕ್ಕದು ಅನ್ಸುತ್ತೆ ಮೇಡಂ" ಅಂದರು. ಶನಿವಾರ ಒಂಬತ್ತೂವರೆ ಬಸ್ಸು ಅಂತ ಮಾತಾಯಿತು. ರೇಷನ್ ಕಾರ್ಡ್ ತನ್ನಿ ಅಂದೆ. ಒಂಬತ್ತು ಗಂಟೆಗೇ ಬಂದು ಸ್ಟಾಪಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಮಗಳನ್ನೂ ಕರೆದುಕೊಂಡು.